ಪೀಪಾಯಿಗಳಾಚೆಯ ಜಲ್ಲಿ ದಾರಿ

ಕೃಷ್ಣಾ ಕಣಿವೆಯ ಆ ಜಲ್ಲಿ ದಾರಿಯಲ್ಲಿ ಒಂದೂ ವಾಹನ ಓಡಾಡುವುದಿಲ್ಲ ಎಂದು ಆಗ ನಮ್ಮ ಆಫೀಸಿನಲ್ಲಿ ಎಲ್ಲರೂ ನಂಬಿದ್ದರು. ಹೈದರಾಬಾದಿನಲ್ಲಿ ಐಟಿ ಕಂಪನಿಗಳು ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದ ಕಾಲ. ಆ ಕಟ್ಟಡಗಳ ಒಳಗೆ ಇಂಥ ನಂಬಿಕೆಗಳು ತಿಂಗಳಿಗೊಂದು ಹುಟ್ಟುತ್ತಿದ್ದವು. ನಗೆಯ ಪ್ರಸಂಗಗಳನ್ನು ನಾನು ಹುಡುಕಿಕೊಂಡು ಹೋದವನಲ್ಲ. ಅವೇ ಹೆಲ್ಮೆಟ್ ಹಾಕಿಕೊಂಡು ನನ್ನ ಮೇಜಿನ ಮುಂದೆ ಬಂದು ನಿಲ್ಲುತ್ತಿದ್ದವು.

ನನ್ನ ಕೆಲಸ ಸಾಫ್ಟ್‌ವೇರಿಗೆ ಕೈಪಿಡಿ ಬರೆಯುವುದು. ತಾರ್ನಾಕದ ಪಕ್ಕದ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರದ ಎಂ.ಎ. ಮಾಡಿ, ಯಾವುದನ್ನೂ ಸುಲಭಕ್ಕೆ ನಂಬಬಾರದು ಎಂದು ಕಲಿತು, ಯಾರೂ ಓದದ ಪುಸ್ತಕ ಬರೆದು ಸಂಬಳ ತೆಗೆದುಕೊಳ್ಳುತ್ತಿದ್ದೆ. ನಮ್ಮ ಮ್ಯಾನೇಜರ್ ರಾಯಚೂರು ಮೂಲದವರು. ಅವರ ತಂದೆ ಸರ್ಕಾರಿ ಕಾರ್ಖಾನೆಯ ನೌಕರಿಗೆಂದು ಬಂದು ಇಲ್ಲೇ ನೆಲೆಸಿದವರು. ಅವರಿಗೂ ನನಗೂ ಮನೆಯಲ್ಲಿ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು, ಲಿಫ್ಟಿನಲ್ಲಿ ಇಂಗ್ಲಿಷ್. ಬೀದಿಯಲ್ಲಿ ಕನ್ನಡ ಆಡಿದರೆ ಯಾರಿಗೂ ತಿಳಿಯುವುದಿಲ್ಲ ಎಂಬುದು ಇಲ್ಲಿಯ ನಮ್ಮಂಥ ಮನೆಗಳಲ್ಲಿ ಯಾರೂ ಪರೀಕ್ಷಿಸದ ಸತ್ಯ.

೧. ಟ್ರಾಫಿಕ್ ಇಲ್ಲದ ಕಡೆಗೆ

ಮ್ಯಾನೇಜರ್ ಒಂದು ಸೈಕಲ್ ಕೊಂಡರು. ಟಗರಿನ ಕೊಂಬಿನಂಥ ಹ್ಯಾಂಡಲ್, ತೆಳುವೂ ಅಲ್ಲದ ದಪ್ಪವೂ ಅಲ್ಲದ ಟೈರು. ಜಲ್ಲಿಯ ಮೇಲೆ ಓಡಿಸಲೆಂದೇ ಮಾಡಿದ್ದಂತೆ. ಅವರ ಹೆಂಡತಿಯನ್ನು ನಾನು ನಮ್ಮ ಕಡೆಯಂತೆ ವೈನಿ, ಅಂದರೆ ಅತ್ತಿಗೆ, ಎನ್ನುತ್ತೇನೆ. ವೈನಿ ಸೈಕಲ್ಲಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

"ಜಲ್ಲಿಗೆ ಬ್ಯಾರೆ ಸೈಕಲ್ ಬೇಕೇನ್ರಿ? ನಮ್ಮ ಮಾವನೋರು ಮೂವತ್ತು ವರ್ಷ ಕುಷಾಯಿಗೂಡದಾಗ ಒಂದ ಸೈಕಲ್ ಹೊಡದ್ರು. ಜಲ್ಲಿ, ಕೆಸರು, ಡಾಂಬರು, ಎಲ್ಲಾ ಅದರಾಗ ಆತು."

"ಅದು ಟ್ರಾನ್ಸ್‌ಪೋರ್ಟ್," ಎಂದರು ಮ್ಯಾನೇಜರ್. "ಇದು ಅನುಭವ."

ಅನುಭವಕ್ಕೆ ಊರೊಳಗೆ ಜಾಗವಿರಲಿಲ್ಲ, ಟ್ರಾಫಿಕ್ ಇತ್ತು. ಕೃಷ್ಣಾ ನದಿ ಗುಡ್ಡಗಳನ್ನು ಸೀಳಿಕೊಂಡು ಹೋಗುವ ಕಡೆ, ನಾಲ್ಕು ಗಂಟೆಯ ಪ್ರಯಾಣದಾಚೆ, ಒಂದು ಖಾಲಿ ಜಲ್ಲಿ ದಾರಿ ಇದೆ ಎಂದು ಅವರು ಪತ್ತೆ ಹಚ್ಚಿದರು. ಶನಿವಾರ ಮಧ್ಯಾಹ್ನ ಹೊರಡುವುದು, ಹತ್ತಿರದ ಊರಿನ ಲಾಡ್ಜಿನಲ್ಲಿ ಇಳಿಯುವುದು, ಭಾನುವಾರ ಬೆಳಿಗ್ಗೆ ಸೈಕಲ್. ಸಂಬಳ ಏರಿಸುವ ಅಪ್ರೈಸಲ್ ಹತ್ತಿರವಿದ್ದುದರಿಂದ ನಾನೂ ಬಾಡಿಗೆ ಸೈಕಲ್ ಹಿಡಿದು ಪ್ರಕೃತಿಪ್ರೇಮಿಯಾದೆ.

ವಾಹನವಿಲ್ಲದ ದಾರಿಗೆ ಆರು ಜನ ಐದು ಕಾರುಗಳಲ್ಲಿ ಹೋದೆವು. ಆರನೆಯವನು ನಾನು. ನನ್ನ ಬಳಿ ಕಾರಿರಲಿಲ್ಲ.

೨. ಮೂಲನಿವಾಸಿಗಳ ಸಾಕ್ಷಿ

ದಾರಿಯ ಬಾಯಲ್ಲಿ ನಾಲ್ಕು ಕರಿ ಪೀಪಾಯಿಗಳನ್ನು ಸಾಲಾಗಿ ನಿಲ್ಲಿಸಿದ್ದರು. ನಡುವೆ ಜಾಲಿ ಮುಳ್ಳು ತುರುಕಿತ್ತು. ಪಕ್ಕದಲ್ಲಿ ದೊಡ್ಡದೊಂದು ತಗಡು ಬೋರಲಾಗಿ ಬಿದ್ದಿತ್ತು.

"ನೋಡಿ," ಎಂದರು ಮ್ಯಾನೇಜರ್, "ಕಾರು ಬರಬಾರದು ಅಂತ ಊರವರೇ ತಡೆದಿದ್ದಾರೆ. ಪರಿಸರ ಪ್ರಜ್ಞೆ ಅಂದರೆ ಇದು."

ಕಾರುಗಳನ್ನು ಅಲ್ಲೇ ಬಿಟ್ಟು, ಸೈಕಲ್ಲುಗಳನ್ನು ತಲೆಯ ಮೇಲೆತ್ತಿ ಮುಳ್ಳು ದಾಟಿದೆವು. ತಗಡನ್ನು ಬೋರಲಾಗಿಯೇ ಎತ್ತಿ ಎರಡು ಪೀಪಾಯಿಗಳ ಮೇಲಿಟ್ಟೆವು. ಒಳ್ಳೆಯ ಟೇಬಲ್ ಆಯಿತು. ಇಡ್ಲಿ ಡಬ್ಬಿಗಳು ಅದರ ಮೇಲೆ ನಿಂತವು. ಅಂದಿನಿಂದ ಅದು ನಮ್ಮ ಕಾಯಂ ಟೇಬಲ್.

ದಾರಿ ಒಂಬತ್ತು ಕಿಲೋಮೀಟರು. ಒಂದು ಬದಿ ಕೆಂಪು ಬಂಡೆ, ಇನ್ನೊಂದು ಬದಿ ಕೆಳಗೆ ಆಳದಲ್ಲಿ ಹಸಿರು ನೀರು. ಹಾರ್ನ್ ಇಲ್ಲ. ಟೈರಿನ ಕೆಳಗೆ ಜಲ್ಲಿಯ ಸದ್ದು ಮಾತ್ರ. ಅದು ಚೆನ್ನಾಗಿತ್ತು ಎಂದು ಒಪ್ಪಿಕೊಳ್ಳುವುದು ನನ್ನ ಸ್ವಭಾವಕ್ಕೆ ಕಷ್ಟ. ಆದರೆ ಚೆನ್ನಾಗಿತ್ತು.

ಅಲ್ಲಲ್ಲಿ ನೀಲಿ ಪ್ಲಾಸ್ಟಿಕ್ ಹೊದಿಸಿದ ಗುಡಿಸಲುಗಳಿದ್ದವು. ಒಳಗಿದ್ದವರು ಭಾನುವಾರದ ಬಟ್ಟೆ ಒಗೆಯುತ್ತಿದ್ದರು. "ಕಣಿವೆಯ ಮೂಲನಿವಾಸಿಗಳು," ಎಂದು ಮ್ಯಾನೇಜರ್ ದನಿ ತಗ್ಗಿಸಿ ಹೇಳಿದರು. ನಮ್ಮ ಹೆಲ್ಮೆಟ್ಟುಗಳನ್ನು ಕಂಡದ್ದೇ ಉಳಿದವರು ಮೇಸ್ತ್ರಿ ಎಂದು ಕರೆಯುತ್ತಿದ್ದ ಒಬ್ಬ ಹಿರಿಯ ತಲೆಯ ಟವಲು ತೆಗೆದು ಎದ್ದು ನಿಂತ. ಮ್ಯಾನೇಜರ್ ತೆಲುಗಿನಲ್ಲಿ ವಿಚಾರಿಸಿದರು: ಈ ದಾರಿಯಲ್ಲಿ ಗಾಡಿಗಳು ಬರುತ್ತವೆಯೇ?

"ರಾವು ಸಾರ್."

ಒಂದೂ ಬರುವುದಿಲ್ಲವೇ?

"ಒಕ್ಕಟಿ ಕೂಡ ರಾದು ಸಾರ್." ಒಂದೂ ಬರುವುದಿಲ್ಲ ಎಂದ ಮೇಸ್ತ್ರಿ. ಹೆಮ್ಮೆಯಿಂದಲೇ ಹೇಳಿದ, ತನ್ನ ಮನೆಯ ಸಾಧನೆ ಎಂಬಂತೆ.

ಪ್ರತ್ಯಕ್ಷ ಸಾಕ್ಷಿ ಸಿಕ್ಕಿತು. ತತ್ವಶಾಸ್ತ್ರದ ಎಂ.ಎ. ಅಲ್ಲಿಗೆ ಸಂಶಯ ನಿಲ್ಲಿಸಿದ.

೩. ಏಪ್ರಿಲ್ ಮಳೆ

ಎರಡನೇ ಭಾನುವಾರ ಒಂದು ತಿರುವಿನಲ್ಲಿ ಮ್ಯಾನೇಜರ್ ಬಿದ್ದರು. ಬಿದ್ದವರು ಸುಮ್ಮನೆ ಏಳಲಿಲ್ಲ. ಕುಕ್ಕರಗಾಲಲ್ಲಿ ಕೂತು ಕಲ್ಲುಗಳನ್ನು ಒಂದೊಂದಾಗಿ ಪರೀಕ್ಷಿಸಿದರು, ಚೀಲದಿಂದ ಟೇಪು ತೆಗೆದು ಅಳೆದರು, ಫೋಟೊ ಹಿಡಿದರು. ಆಮೇಲೆ ಮೇಸ್ತ್ರಿಯತ್ತ ತಿರುಗಿ ತೆಲುಗಿನಲ್ಲಿ, "ಇಲ್ಲಿ ಕಲ್ಲು ದಪ್ಪವಾಯಿತು," ಎಂದರು. ಮೇಸ್ತ್ರಿ ತಲೆ ತಗ್ಗಿಸಿದ.

ಮುಂದಿನ ವಾರ ಆ ತಿರುವಿನಲ್ಲಿ ಸಣ್ಣ ಕಲ್ಲು. ಅಂಗೈಯಂತೆ ಸಮ.

"ಪ್ರಕೃತಿ ತನ್ನನ್ನು ತಾನೇ ಸರಿಪಡಿಸಿಕೊಳ್ಳುತ್ತದೆ," ಎಂದರು ಮ್ಯಾನೇಜರ್.

ಆ ವಾರ ಅವರು ಧೂಳಿನ ಬಗ್ಗೆ ಗೊಣಗಿದರು. ಅದರ ಮುಂದಿನ ವಾರ ದಾರಿ ತುದಿಯಿಂದ ತುದಿಗೆ ಒದ್ದೆಯಾಗಿತ್ತು. ರಾತ್ರಿ ಮಳೆ ಬಂದಿರಬೇಕು ಎಂದು ಎಲ್ಲರೂ ಒಪ್ಪಿದರು. ಏಪ್ರಿಲ್ ತಿಂಗಳ ಮಳೆ. ದಾರಿಯ ಅಗಲಕ್ಕೆ ಸರಿಯಾಗಿ ಸುರಿದು, ಎರಡೂ ಅಂಚಿನಲ್ಲಿ ಗೆರೆ ಎಳೆದಂತೆ ನಿಂತಿತ್ತು.

ಉಪಚಾರವೂ ಏರುತ್ತ ಹೋಯಿತು. ಮೊದಲು ನೀರು, ಆಮೇಲೆ ಮಜ್ಜಿಗೆ, ಆಮೇಲೆ ಎಲ್ಲಿಂದಲೋ ಎರಡು ಪ್ಲಾಸ್ಟಿಕ್ ಕುರ್ಚಿ. ನಾವು ಕೂತರೆ ಅವರು ನಿಲ್ಲುತ್ತಿದ್ದರು. ಮೂಲನಿವಾಸಿಗಳ ಮುಗ್ಧತೆಯ ಬಗ್ಗೆ ವಾಪಸಾಗುವಾಗ ಕಾರಿನಲ್ಲಿ ಎರಡು ಗಂಟೆ ಚರ್ಚೆಯಾಯಿತು. ನಾನು ಮಜ್ಜಿಗೆಗೆ ಉಪ್ಪು ಕಡಿಮೆ ಎಂದಷ್ಟೇ ಹೇಳಿದೆ. ಮುಂದಿನ ವಾರ ಉಪ್ಪು ಸರಿಯಾಗಿತ್ತು.

೪. ಕೇಕು

ಮೂರನೇ ತಿಂಗಳಿಗೆ ಮ್ಯಾನೇಜರ್ ಒಂದು ಭಾನುವಾರ ಇಡೀ ದಾರಿ ಸುತ್ತಿ ಬಂದು, ಮೇಸ್ತ್ರಿಯ ಮುಂದೆ ಸೈಕಲ್ ನಿಲ್ಲಿಸಿ, ಹೆಬ್ಬೆರಳು ಎತ್ತಿ, "ಸೂಪರ್! ಅಂತಾ ಓಕೆ," ಎಂದರು, ಎಲ್ಲಾ ಸರಿ ಎಂದು ತೆಲುಗಿನಲ್ಲಿ. ಮೇಸ್ತ್ರಿಯ ಕಣ್ಣಲ್ಲಿ ನೀರು ಬಂತು. ಇವರ ಕಣ್ಣಲ್ಲೂ ಬಂತು. ಅಲ್ಲೇ ತೀರ್ಮಾನಿಸಿದರು: ನೌಕರಿ ಬಿಟ್ಟು ಇದೇ ದಾರಿಯ ಮೇಲೆ ಸೈಕಲ್ ಶಿಬಿರ ತೆರೆಯುವುದು. ಡೇರೆ, ರಾಗಿ ಮುದ್ದೆ, ವಾಹನವಿಲ್ಲದ ಒಂಬತ್ತು ಕಿಲೋಮೀಟರು.

ವೈನಿ ಇಡೀ ಸೋಮವಾರ ಮನೆ ಖರ್ಚಿನ ಲೆಕ್ಕ ಹಾಕಿದರು. ಮಂಗಳವಾರ ಮಾತಾಡಿದರು.

"ಮಗಳು ಹತ್ತನೇ ಕ್ಲಾಸು. ನೀವು ಹದಿನೆಂಟು ವರ್ಷದ ನೌಕರಿ ಬಿಟ್ಟು ಜಲ್ಲಿ ನಂಬಿ ಕೂಡ್ತೀನಂತೀರಿ."

"ಒಂದೂ ಗಾಡಿ ಬರೂದಿಲ್ಲ. ಮೂರು ತಿಂಗಳಾತು, ಒಂದ ಒಂದು ನೋಡಿಲ್ಲ."

"ನಾ ನೋಡ್ತೀನಿ. ಐತವಾರ ಬಂದು ಮಧ್ಯಾಹ್ನದ ತನಕ ಕೂಡ್ತೀನಿ. ಒಂದ ಗಾಡಿ ಬಂದ್ರೂ ರಾಜೀನಾಮೆ ಮಾತು ವಾಪಸ್. ಬರಲಿಲ್ಲಾಂದ್ರ ನಾನೂ ಡೇರ್ಯಾಗ ರೊಟ್ಟಿ ಬಡೀತೀನಿ. ಆತೇನ್ರಿ?"

ಮ್ಯಾನೇಜರ್ ಆಯಿತು ಎಂದರು. ಶುಕ್ರವಾರ ರಾಜೀನಾಮೆ ಕಳಿಸಿಯೇ ಬಿಟ್ಟರು. ಮೇಲಿನವರು ಸೋಮವಾರ ಹತ್ತು ಗಂಟೆಯವರೆಗೆ ಯೋಚಿಸಿ ಎಂದು ಸಮಯ ಕೊಟ್ಟರು. ಟೀಮಿನವರು ಸಮಯ ಕೊಡಲಿಲ್ಲ. ಆ ಮಧ್ಯಾಹ್ನವೇ ಸೈಕಲ್ ಚಿತ್ರದ ಕೇಕು ತಂದು ಕತ್ತರಿಸಿದರು. ಎಲ್ಲರೂ ಒದ್ದೆ ಕಣ್ಣಿನಿಂದ ಚಪ್ಪಾಳೆ ತಟ್ಟುತ್ತಿರುವಾಗ ಪಕ್ಕದ ಟೀಮಿನವರು ಬಂದು ಮ್ಯಾನೇಜರರ ಕುರ್ಚಿ ಎತ್ತಿಕೊಂಡು ಹೋದರು.

೫. ತೆಂಗಿನಕಾಯಿ

ಭಾನುವಾರ ವೈನಿ ಎಂಟಕ್ಕೆ ಕೊಡೆ ಬಿಚ್ಚಿ ಒಂದು ಪೀಪಾಯಿಯ ಮೇಲೆ ಕೂತರು. ಹನ್ನೆರಡರವರೆಗೆ ಜಾಗ ಬಿಡಲಿಲ್ಲ. ಅಷ್ಟರಲ್ಲಿ ಬಂದದ್ದು ಎರಡು ಮೇಕೆ ಮತ್ತು ಒಂದು ಎತ್ತು. ಎತ್ತಿನ ಹಿಂದೆ ಗಾಡಿ ಇದೆಯೇ ಎಂದು ಅವರು ಎದ್ದು ಬಗ್ಗಿ ನೋಡಿದರು. ಇರಲಿಲ್ಲ.

"ಆತು ಬಿಡ್ರಿ," ಎಂದರು. "ಸೋತೆ. ರೊಟ್ಟಿ ಹಂಚು ತರ್ತೀನಿ."

ಮ್ಯಾನೇಜರ್ ಗೆದ್ದ ಮುಖದಲ್ಲಿ ಕಾರಿನಿಂದ ತೆಂಗಿನಕಾಯಿ ತಂದರು. ಕರ್ಪೂರ ಹಚ್ಚಿದರು. ದಾರಿಯ ಬಾಯಲ್ಲಿದ್ದ ಕಲ್ಲಿಗೆ ಕಾಯಿ ಅಪ್ಪಳಿಸಿದರು. ಸದ್ದಿಗೆ ಮೇಸ್ತ್ರಿಯೂ ಅವನ ಹೆಂಡತಿಯೂ ಓಡಿ ಬಂದು ಕೈ ಮುಗಿದು ನಿಂತರು. ಆಕೆ ಗಂಡನ ಕಡೆ ವಾಲಿ ಮೆಲ್ಲಗೆ ಕೇಳಿದಳು:

"ಅಲ್ರೀ, ಪೂಜಿ ನಾಳಿ ಅಲ್ಲೇನು? ಸಾಹೇಬ್ರು ಇವತ್ತ ಕಾಯಿ ಒಡದ್ರಲ್ಲ!"

ವೈನಿ ಕೊಡೆ ಮಡಚಿದರು. "ಯವ್ವಾ, ನೀವು ಕನ್ನಡದೋರೇನು?"

"ಹೌದ್ರೀ ಅಕ್ಕಾರ. ಯಾದಗಿರಿ ಕಡೆಯೋರು. ಎಲ್ಲಾ ಇಪ್ಪತ್ತು ಮಂದಿನೂ ಅಲ್ಲೇದೋರ. ನೀವು?"

"ರಾಯಚೂರು."

ಮೂರು ತಿಂಗಳು ತೆಲುಗಿನಲ್ಲಿ ಮೂಲನಿವಾಸಿಗಳನ್ನು ಸಂದರ್ಶಿಸಿದ್ದ ನಾವು ನದಿಯ ಕಡೆ ನೋಡಿದೆವು.

"ಸಾಹೇಬ್ರು ತೆಲುಗು ಮಾತಾಡ್ತಾರಂತ ನಾವೂ ಹಂಗ ಜೋಡಿಸ್ಕೊಂಡು ಮಾತಾಡಿದ್ವಿರಿ," ಎಂದ ಮೇಸ್ತ್ರಿ, ಸಂಕೋಚದಿಂದ. ಆಮೇಲೆ ವೈನಿಗೆ ಹೇಳಿದ, "ನಿಮ್ಮ ಯಜಮಾನ್ರು ಭಾಳ ಖಡಕ್ ಇಂಜಿನಿಯರ್ ನೋಡ್ರಿ ಅಕ್ಕಾರ. ಉಳಿದ ಇಂಜಿನಿಯರ್ ಸಾಹೇಬ್ರು ಕಾರಿನ್ಯಾಗಿಂದ ಕೆಳಗ ಇಳ್ಯೂದಿಲ್ಲ. ಇವ್ರು ಪ್ರತಿ ಐತವಾರ ಸೈಕಲ್ ಮ್ಯಾಲೆ ಬಂದು ಒಂದೊಂದ ಕಲ್ಲು ಮುಟ್ಟಿ ನೋಡ್ತಾರ. ಕಲ್ಲು ದಪ್ಪ ಅಂದ್ರು, ತಗದು ಬ್ಯಾರೆ ಹಾಕಿದ್ವಿ. ಧೂಳು ಅಂದ್ರು, ಟ್ಯಾಂಕರ್ ತರಿಸಿ ನೀರು ಹೊಡದ್ವಿ. ಬಿದ್ದೂ ನೋಡ್ತಾರ್ರೀ!"

ವೈನಿ ಗಂಡನನ್ನು ನೋಡಿದರು. "ಹೌದು. ಬಿದ್ದೂ ನೋಡ್ತಾರ. ಆಮ್ಯಾಲೆ?"

"ಹೋದ ವಾರ ಪಾಸ್ ಮಾಡಿದ್ರಲ್ರಿ." ಮೇಸ್ತ್ರಿ ಹೆಬ್ಬೆರಳು ಎತ್ತಿ ತೋರಿಸಿದ. "ಸಾಹೇಬ್ರು ಓಕೆ ಅಂದ್ರಂತ ಗುತ್ತೇದಾರಗ ಫೋನ್ ಮಾಡಿದೆ. ನಾಳಿ ಡಾಂಬರ್ ಹಾಕ್ತೀವ್ರಿ. ಮುಂದಿನ ವಾರ ಬಸ್ಸು."

ಹೇಳುತ್ತ ವೈನಿ ಕೂತಿದ್ದ ಪೀಪಾಯಿಯನ್ನು ಅಭಿಮಾನದಿಂದ ತಟ್ಟಿದ. ತುಂಬಿದ ಪೀಪಾಯಿಯ ಸದ್ದು. ವೈನಿ ಮೇಲೆದ್ದು ಸೀರೆಯ ಹಿಂಭಾಗ ನೋಡಿಕೊಂಡರು. ಕರಿ ಉಂಗುರವೊಂದು ಮೂಡಿತ್ತು.

"ಏನ್ರಿ," ಎಂದರು ಶಾಂತವಾಗಿ, "ಪಾಸ್ ಮಾಡೀರಂತಲ್ಲ. ಅಭಿನಂದನೆ. ನಾಳೆ ಹತ್ತಕ್ಕ ಏನ್ ಮಾಡವ್ರು?"

ಕಣಿವೆಯಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಆರು ಕಿಲೋಮೀಟರು ಹಿಂದೆ, ಊರ ಹತ್ತಿರದ ದಿಬ್ಬದ ಮೇಲೆ ಇದೆ. ಮ್ಯಾನೇಜರ್ ಸೈಕಲ್ ಹತ್ತಿ ಹೊರಟೇ ಬಿಟ್ಟರು.

"ಕಾರ್ ಐತಲ್ರಿ!" ಎಂದು ವೈನಿ ಕೂಗಿದರು. ಕೇಳಿಸಲಿಲ್ಲ. ಆ ಸೈಕಲ್ಲನ್ನು ಅವರು ಎಲ್ಲಿಗಾದರೂ ಹೋಗಲು ಬಳಸಿದ್ದು ಅದೇ ಮೊದಲು. ಮಾವನವರು ನೋಡಿದ್ದರೆ ಸಂತೋಷಪಡುತ್ತಿದ್ದರು. ರಾಜೀನಾಮೆ ವಾಪಸ್ ಬಂತು. ಕುರ್ಚಿ ಬರಲಿಲ್ಲ.

ಉಳಿದವರು ಟೇಬಲ್ಲಿನ ಸುತ್ತ ನಿಂತು ಕೊಬ್ಬರಿ ತಿಂದೆವು. ನನ್ನೊಳಗಿನ ಎಂ.ಎ. ಮೂರು ತಿಂಗಳ ನಿದ್ದೆಯಿಂದ ಎದ್ದ.

"ಅದೆಲ್ಲಾ ಸರಿ ಮೇಸ್ತ್ರಿ," ಎಂದೆ, ಕೊನೆಗೂ ಕನ್ನಡದಲ್ಲಿ. "ಡಾಂಬರು ನಾಳೆ, ಬಸ್ಸು ಮುಂದಿನ ವಾರ. ಆದರ ಮೂರು ತಿಂಗಳಿಂದ ಈ ದಾರ್ಯಾಗ ಒಂದ ಗಾಡಿನೂ ಯಾಕ ಬರಲಿಲ್ಲ?"

ಮೇಸ್ತ್ರಿ ಇಡ್ಲಿ ಡಬ್ಬಿಗಳನ್ನು ಒಂದೊಂದಾಗಿ ಎತ್ತಿ ಕೆಳಗಿಟ್ಟ, ಚಟ್ನಿಯನ್ನು ನನ್ನ ಕೈಗೆ ಕೊಟ್ಟ, ಟೇಬಲ್ಲನ್ನು ಎರಡೂ ಕೈಯಿಂದ ಎತ್ತಿ ತಿರುಗಿಸಿ ಹಿಡಿದ.

ತೆಲುಗು, ಹಿಂದಿ, ಇಂಗ್ಲಿಷಿನಲ್ಲಿ ಬರೆದಿತ್ತು. ಮೂರೂ ನನಗೆ ಓದಲು ಬರುತ್ತವೆ.

ರಸ್ತೆ ಬಂದ್.