‘ಸಾಕು’ ಕಾರ್ಡಿಗೊಂದು ಸಮಾರಂಭ

ಸಭೆ ನಡೆಸಿಕೊಡುವುದರಲ್ಲಿ ಶಿಡ್ಲಘಟ್ಟ ತಾಲ್ಲೂಕಿನಲ್ಲಿ ನನ್ನನ್ನು ಮೀರಿಸುವವರಿಲ್ಲ. ಇದು ಜಂಬವಲ್ಲ, ವಾಸ್ತವ. ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾದ ನಾನು ಬೀಳ್ಕೊಡುಗೆ, ಗೃಹಪ್ರವೇಶ, ಹಾಲಿನ ಡೈರಿಯ ವಾರ್ಷಿಕೋತ್ಸವ ಎಲ್ಲಕ್ಕೂ ನಿರೂಪಣೆ ಮಾಡಿದ್ದೇನೆ. ಒಮ್ಮೆ ತಿಥಿಯೂಟದಲ್ಲಿ ಅಭ್ಯಾಸಬಲದಿಂದ ‘ಈ ಶುಭ ಸಂದರ್ಭದಲ್ಲಿ’ ಎಂದು ಆರಂಭಿಸಿದ್ದೊಂದನ್ನು ಬಿಟ್ಟರೆ ನನ್ನ ದಾಖಲೆ ನಿಷ್ಕಳಂಕ.

ಹಾಗಾಗಿ ನಾಜಿಯಾ ಮೇಡಂ ಕೇಳಿದಾಗ ನಾನು ಹಿಂದೆ ಮುಂದೆ ನೋಡಲಿಲ್ಲ. ನಮ್ಮ ಏಳು ವರ್ಷದ ಮಗ ಚಿಂಟುವಿಗೆ ಆಟಿಸಂ ಇದೆ. ಅವನಿಗೆ ಚಿಕ್ಕಬಳ್ಳಾಪುರದಲ್ಲಿ ನಡವಳಿಕೆ ಚಿಕಿತ್ಸೆ, ಅಂದರೆ ಬಿಹೇವಿಯರ್ ಥೆರಪಿ, ಮಾಡುವವರು ಈ ಮೇಡಂ. ಚಿಂಟುವಿಗೆ ಮಾತು ಕಡಿಮೆ. ಗದ್ದಲ ತಡೆಯಲಾರದೆ ಹೋದಾಗ ನೆಲಕ್ಕೆ ಬಿದ್ದು ಕಿರುಚುತ್ತಿದ್ದ. ಮೇಡಂ ಅವನಿಗೊಂದು ಹಳದಿ ಕಾರ್ಡು ಮಾಡಿಕೊಟ್ಟಿದ್ದರು. ಮೇಲೆ ಅಂಗೈಯ ಚಿತ್ರ, ಕೆಳಗೆ ‘ಸಾಕು’ ಎಂಬ ಪದ. ಅವನು ಆ ಕಾರ್ಡು ಕೊಟ್ಟರೆ ನಡೆಯುತ್ತಿರುವುದನ್ನು ನಾವು ತಕ್ಷಣ ನಿಲ್ಲಿಸಬೇಕು. ಕಾರ್ಡಿಗೆ ಬೆಲೆ ಇದೆ ಎಂದು ಗೊತ್ತಾದರೆ ಕಿರುಚುವ ಅಗತ್ಯ ಬೀಳುವುದಿಲ್ಲ. ಅಭ್ಯಾಸದ ವೇಳೆ ಹೇಳಿದರೆ ಚಿಂಟು ಕೊಡುತ್ತಿದ್ದ, ತಾನಾಗಿಯೇ ಎಂದೂ ಕೊಟ್ಟಿರಲಿಲ್ಲ.

“ಸಾರ್, ದಿಬ್ಬೂರಹಳ್ಳಿಯಿಂದ ಮುನಿರಾಜು, ಅನಿತಾ ಅಂತ ಬರ್ತಾರೆ. ಮಗಳು ಹನಿಗೂ ಚಿಂಟು ಥರಾನೇ,” ಎಂದರು ಮೇಡಂ. “ಹಠಕ್ಕೆ ಎರಡು ಬಿಟ್ರೆ ಸರಿ ಹೋಗುತ್ತೆ, ಕಾರ್ಡು ಗೀರ್ಡು ಯಾಕೆ ಅಂತ ಥೆರಪಿ ಬಿಡಿಸೋಕೆ ಹೊರಟಿದಾರೆ. ಭಾನುವಾರ ನಿಮ್ಮನೇಗೆ ಕರ್ಕೊಂಡ್ ಬರ್ತೀನಿ. ಕಾಫಿ ಕುಡೀತಾ ಹತ್ತು ನಿಮಿಷ ನಿಮ್ಮ ಅನುಭವ ಹೇಳಿ. ಅಷ್ಟೇ ಸಾರ್.”

‘ಅಷ್ಟೇ’ ಎಂಬ ಪದ ನನ್ನ ಕಿವಿಗೆ ಬೀಳಲಿಲ್ಲ.

“ನಾಲ್ಕು ಕುರ್ಚಿ ಹಾಕಿದ್ರೆ ಆಯ್ತಲ್ಲ,” ಎಂದಳು ಹೆಂಡತಿ ಸುಮಿತ್ರಾ.

“ಒಂದು ಮಗೂ ಭವಿಷ್ಯ ಕಣೇ. ನಾಲ್ಕು ಕುರ್ಚೀಲಿ ಮುಗಿಸೋ ವಿಷಯಾನಾ?”

ಭಾನುವಾರದ ಹೊತ್ತಿಗೆ ಬೀದಿಗೆ ಅಡ್ಡಲಾಗಿ ಶಾಮಿಯಾನ ಎದ್ದಿತ್ತು. ಆಳೆತ್ತರದ ಎರಡು ಸ್ಪೀಕರು. ‘ಪೋಷಕರ ಅರಿವು ಸಮಾರಂಭ’ ಎಂಬ ಬ್ಯಾನರಿನಲ್ಲಿ ನನ್ನ ಭಾವಚಿತ್ರ ದೊಡ್ಡದಾಗಿ, ಚಿಂಟುವಿನದು ಅಂಚೆಚೀಟಿಯಷ್ಟು. ಅಧ್ಯಕ್ಷತೆಗೆ ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ಟರ್ ನಂಜುಂಡಪ್ಪನವರು. ಸಭಿಕರಾಗಿ, ಶಾಮಿಯಾನ ಇದ್ದಲ್ಲಿ ಊಟವೂ ಇರುತ್ತದೆಂದು ನಂಬಿ ಬಂದ ಬೀದಿಯ ಜನ.

ಮುನಿರಾಜು, ಅನಿತಾ, ಹನಿಯೊಂದಿಗೆ ಆಟೋದಿಂದ ಇಳಿದ ನಾಜಿಯಾ ಮೇಡಂ ಸ್ಪೀಕರು ನೋಡಿ ಅಲ್ಲೇ ನಿಂತರು. “ಸಾರ್, ಮಕ್ಕಳಿಗೆ ಈ ಸೌಂಡು...”

“ಚಿಂತೇನೇ ಬೇಡ ಮೇಡಂ. ಹಿಂದಿನ ಸಾಲಿಗೂ ಕೇಳಿಸುತ್ತೆ,” ಎಂದು ಧೈರ್ಯ ತುಂಬಿದೆ.

ಪ್ರಾರ್ಥನೆಯಾಯಿತು. ದೀಪ ಬೆಳಗಿದ್ದಾಯಿತು. ಸ್ವಾಗತಕ್ಕೆಂದು ನಾನು ಮೈಕಿಗೆ ಬಾಯಿ ಹಚ್ಚಿದ್ದೇ ತಡ, ಅದು ‘ಕುಂಯ್’ ಎಂದು ಬೀದಿ ಸೀಳಿತು. ಹನಿ ಕಿವಿ ಮುಚ್ಚಿಕೊಂಡು ಓಡಿ ಅಧ್ಯಕ್ಷರ ಮೇಜಿನಡಿ ಸೇರಿದಳು. “ರಾಮ್ಮಾ ಹನೀ, ಇಟ್ಲ ರಾ,” ಎಂದು ಅನಿತಾ ಬಗ್ಗಿ ತೆಲುಗಿನಲ್ಲಿ ಕರೆಯತೊಡಗಿದರು. ನಾನು ಸ್ವಾಗತ ಮುಗಿಸಿ ಅಧ್ಯಕ್ಷರ ಪರಿಚಯಕ್ಕೆ ಇಳಿದೆ. ಅವರು ಹುಟ್ಟಿದ ಊರು ಮುಗಿದು ಓದಿದ ಶಾಲೆ ಬಂದಿತ್ತು.

ಆಗ ಚಿಂಟು ವೇದಿಕೆ ಹತ್ತಿ ಬಂದು ನನ್ನ ಕೈಯಲ್ಲಿ ಏನೋ ಇಟ್ಟ. ನೋಡಿದರೆ ಹಳದಿ ಕಾರ್ಡು. ಯಾರೂ ಹೇಳಿಕೊಟ್ಟಿರಲಿಲ್ಲ, ತಾನಾಗಿಯೇ!

ಎಷ್ಟೋ ತಿಂಗಳಿಂದ ನಾನೂ ಸುಮಿತ್ರಾಳೂ ಕಾದಿದ್ದ ಗಳಿಗೆ ಅದು. ಬುದ್ಧಿಯಿರುವ ಯಾವ ತಂದೆಯಾದರೂ ಆ ಕ್ಷಣ ಮೈಕ್ ಆರಿಸುತ್ತಿದ್ದ. ನಾನು ಕಾರ್ಡನ್ನು ಮೇಲೆತ್ತಿ ಹಿಡಿದೆ.

“ಮಾನ್ಯ ಸಭಿಕರೇ, ಇದೀಗ ನನ್ನ ಸುಪುತ್ರನು ‘ಸಾಕು’ ಕಾರ್ಡನ್ನು ಪ್ರದಾನ ಮಾಡಿದ್ದಾನೆ. ಜೋರಾದ ಚಪ್ಪಾಳೆ ಬರಲಿ!”

ಜೋರಾದ ಚಪ್ಪಾಳೆ ಬಂತು. ಚಿಂಟು ಕಾರ್ಡು ಕಿತ್ತುಕೊಂಡು ಮತ್ತೆ ನನ್ನ ಕೈಗೆ ಒತ್ತಿದ.

“ಕಾರ್ಡು ಬಂದಾಗ ಪೋಷಕರ ಕರ್ತವ್ಯವೇನು? ತಕ್ಷಣ ನಿಲ್ಲಿಸುವುದು. ತಕ್ಷಣ ಎಂದರೇನು? ಕ್ಷಣಮಾತ್ರವೂ ತಡಮಾಡದಿರುವುದು. ಇದನ್ನು ತಮ್ಮ ಮುಂದೆ ಸವಿಸ್ತಾರವಾಗಿ ವಿವರಿಸಲು ಬಯಸುತ್ತೇನೆ.”

“ಸಾರ್, ನಿಲ್ಸಿ ಸಾರ್,” ಎಂದು ಮೇಡಂ ಕೈಸನ್ನೆ ಮಾಡಿದರು. ಸಮಯ ಪಾಲನೆಯ ಬಗ್ಗೆ ಹೇಳುತ್ತಿದ್ದಾರೆ ಎಂದುಕೊಂಡು, ಇನ್ನೆರಡೇ ಮಾತು ಎಂದೆ.

ಚಿಂಟು ಇನ್ನೊಮ್ಮೆ ಕಾರ್ಡು ಒತ್ತಿದ. ನಾನು ‘ಎರಡನೆಯದಾಗಿ’ ಎಂದೆ. ಅವನು ನೆಲಕ್ಕೆ ಬಿದ್ದು ಕಿರುಚತೊಡಗಿದ. ಅವನ ಕಾಲು ತಗುಲಿ ಮೈಕ್ ಉರುಳಿತು, ಆ ಕಿರುಚಾಟ ಎರಡೂ ಸ್ಪೀಕರಿನಲ್ಲಿ ಊರಿಗೆಲ್ಲ ಕೇಳಿತು. ಬೆದರಿದ ಹನಿ ಮೇಜಿನ ಬಟ್ಟೆ ಎಳೆದಳು. ಮೇಜಿನ ಮೇಲಿದ್ದ ದೀಪವಂತೂ ಗಾಳಿಗೆ ಆಗಲೇ ಆರಿತ್ತು, ಎಣ್ಣೆ ಮಾತ್ರ ಪೂರ್ತಿಯಾಗಿ ಅಧ್ಯಕ್ಷರ ಮಡಿಲು ಸೇರಿತು. ಸುಮಿತ್ರಾ ಬಂದವಳೇ ವೈರು ಹಿಡಿದು ಜಗ್ಗಿದಳು.

ಬೀದಿ ಶಾಂತವಾಯಿತು. ಸುಮಿತ್ರಾ ಮಗನ ಪಕ್ಕ ನೆಲದ ಮೇಲೆ ಸುಮ್ಮನೆ ಕುಳಿತಳು. ಮುಟ್ಟಲಿಲ್ಲ, ಮಾತಾಡಿಸಲೂ ಇಲ್ಲ. ನಿಧಾನಕ್ಕೆ ಅವನ ಉಸಿರು ಹದಕ್ಕೆ ಬಂತು. ನನಗೆ ನಾಚಿಕೆಯಾಯಿತು. ಹುಡುಗ ಮೊದಲ ಸಲ ನನ್ನ ಹತ್ತಿರ ಏನೋ ಕೇಳಿಕೊಂಡಿದ್ದ, ನಾನು ಅದಕ್ಕೆ ಚಪ್ಪಾಳೆ ಹೊಡೆಸಿದ್ದೆ. ಮುನಿರಾಜು ದಂಪತಿ ಇನ್ನು ಥೆರಪಿಯ ಕಡೆ ತಲೆ ಹಾಕಿಯೂ ಮಲಗುವುದಿಲ್ಲ ಎಂದುಕೊಂಡೆ.

ಒಳಗೆ ಕಾಫಿ ಕುಡಿಯುವಾಗ ಮುನಿರಾಜು ಬಾಯಿಬಿಟ್ಟರು. “ಮೇಡಂ, ನಂಗೀಗ ಅರ್ಥ ಆಯ್ತು. ಮಗು ಕಾರ್ಡು ಕೊಡ್ತು, ಸಾರು ನಿಲ್ಸಲಿಲ್ಲ. ಮತ್ತೆ ಕೊಡ್ತು, ನಿಲ್ಸಲಿಲ್ಲ. ಆಮೇಲೇ ಅಲ್ವಾ ಬಿದ್ದು ಅತ್ತಿದ್ದು? ಅದು ಹಠ ಅಲ್ಲ.”

“ನಮ್ಮನೇಲೂ ಇದೇ ಆಗೋದು,” ಎಂದರು ಅನಿತಾ. “ಹನಿ ಏನೋ ಹೇಳ್ತಿರ್ತಾಳೆ, ನಾವು ಸಾರ್ ಥರ...” ಎಂದವರು ನನ್ನ ಕಡೆ ನೋಡಿ ತಡೆದರು. “ಬೇಜಾರ್ ಮಾಡ್ಕೋಬೇಡಿ ಸಾರ್. ಮೇಡಂ, ಹನಿಗೂ ಒಂದು ಕಾರ್ಡು ಮಾಡ್ಕೊಡಿ. ಬುಧವಾರ ಬರ್ತೀವಿ.”

ನಾಜಿಯಾ ಮೇಡಂ ಮುಖ ಅರಳಿತು. “ಸಾರ್, ನಾನು ಇಷ್ಟು ದಿನ ಹೇಳಿ ಹೇಳಿ ಆಗದೇ ಇದ್ದಿದ್ದು ನಿಮ್ಮಿಂದ ಆಯ್ತು. ಗೌರಿಬಿದನೂರಲ್ಲೂ ಅಪ್ಪ ಅಮ್ಮಂದಿರು ಸೇರ್ತಾರೆ, ನೀವೂ ಬನ್ನಿ.”

ಹೆಗಲ ಮೇಲಿನ ಶಾಲು ಸರಿಪಡಿಸಿಕೊಂಡೆ. “ನಾನು ಮಾತನಾಡಬೇಕಾದ ವಿಷಯ ಮೇಡಂ?”

“ವಿಷಯ ಏನಿಲ್ಲ ಸಾರ್. ಮಕ್ಕಳನ್ನ ಕರ್ಕೊಂಡ್ ಬರಲ್ಲ, ಮೈಕೂ ಇರಲ್ಲ. ನೀವು ಮಾತಾಡ್ತಿರಿ, ನಾನು ಬಂದು ಕಾರ್ಡು ಕೊಡ್ತೀನಿ. ನೀವು ನಿಲ್ಸಬೇಡಿ. ಇವತ್ತು ಹೆಂಗಿದ್ರೋ ಹಂಗೇ ಇರಿ.”

ಸುಮಿತ್ರಾಳನ್ನೂ ಕರೆದುಕೊಂಡು ಹೋದೆ. ಮೇಡಂ ಕಾರ್ಡು ಕೊಟ್ಟರು, ನಾನು ನಿಲ್ಲಿಸಲಿಲ್ಲ. ಪಾತ್ರ ಎಷ್ಟು ಸೊಗಸಾಗಿ ಬಂತೆಂದರೆ, ಮುಂದಿನ ಸಾಲಿನಲ್ಲಿದ್ದ ಒಬ್ಬ ತಾಯಿ ನನ್ನ ಹೆಂಡತಿಯ ಕಡೆ ಬಾಗಿ, “ಎಷ್ಟು ಚೆನ್ನಾಗಿ ಆ್ಯಕ್ಟಿಂಗ್ ಮಾಡ್ತಾರಲ್ಲಾ?” ಎಂದು ಮೆಚ್ಚಿಕೊಂಡರು.

“ಆ್ಯಕ್ಟಿಂಗ್ ಅಲ್ಲಮ್ಮ,” ಎಂದಳು ಸುಮಿತ್ರಾ.