ರಾಗಿ ಮುದ್ದೆಯ ನೆದರ್ಲೆಂಡ್ಸ್

"ಒಂದು ದೇಶ ಕಟ್ಟಿಕೊಡೋದು ಎಷ್ಟು ಹೊತ್ತಿನ ಕೆಲಸ? ಎರಡೂವರೆಗೆ ನಿನ್ನ ನೆದರ್ಲೆಂಡ್ಸ್ ರೆಡಿ!" ಎಂದು ಬಾಲಸುಬ್ರಹ್ಮಣ್ಯನವರು ಊಟ ಮುಗಿಸಿ ಕೈ ತೊಳೆಯುತ್ತಲೇ ಮೊಮ್ಮಗಳು ನಿಖಿತಾಳಿಗೆ ಘೋಷಿಸಿಬಿಟ್ಟರು.

ಘೋಷಿಸದೆ ಇನ್ನೇನು? ನೀರಾವರಿ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಎಂಜಿನಿಯರ್ ಆಗಿ ಕೆರೆ, ಕಟ್ಟೆ, ನಾಲೆಗಳನ್ನು ಅರೆದು ಕುಡಿದವರು! ಅಡಿಲೇಡ್‌ನ ಸ್ಯಾಲಿಸ್‌ಬರಿಯಲ್ಲಿ ಮಗಳು ಮಧುರಾಳ ಬಾಡಿಗೆ ಮನೆಗೆ ಬಂದು ತಿಂಗಳಾದರೂ ಅವರ ವಿದ್ಯೆಗೆ ಕೆಲಸವೇ ಸಿಕ್ಕಿರಲಿಲ್ಲ. ಮಧುರಾ ಆಫೀಸಿಗೆ ಹೊರಡುವಾಗ ಹೇಳಿದ್ದು ಒಂದೇ ಮಾತು.

"ಅಪ್ಪಾ, ಮೂರು ಗಂಟೆಗೆ ಏಜೆಂಟ್ ಇನ್‌ಸ್ಪೆಕ್ಷನ್‌ಗೆ ಬರ್ತಾರೆ. ಮನೆ ಚೆನ್ನಾಗಿಟ್ಟಿದ್ರೆ ಮಾತ್ರ ಲೀಸ್ ರಿನ್ಯೂ ಮಾಡೋದು. ಕಾರ್ಪೆಟ್ ಮೇಲೆ ಒಂದು ತೊಟ್ಟೂ ಬೀಳಬಾರದು!"

ಅಂದು ನಿಖಿತಾಳಿಗೆ ಶಾಲೆ ರಜೆ. ಮರುದಿನ ತರಗತಿಯಲ್ಲಿ ಅವಳು ಒಂದು ದೇಶವನ್ನು ಪರಿಚಯಿಸಬೇಕಿತ್ತು. ತಾತ ಅವಳ ಟಿಪ್ಪಣಿಯ ಮೊದಲ ಹಾಳೆ ಓದುತ್ತಾ ಓದುತ್ತಾ ಕಣ್ಣರಳಿಸಿದರು.

"ಅಬ್ಬಬ್ಬಾ! ಸರಸ್ವತೀ, ಕೇಳಿದ್ಯಾ? ಕಾಲು ಭಾಗಕ್ಕಿಂತ ಹೆಚ್ಚು ನೆಲ ಸಮುದ್ರಕ್ಕಿಂತ ಕೆಳಗಿದೆಯಂತೆ! ನಮ್ಮ ಕರ್ನಾಟಕದ ಐದನೇ ಒಂದು ಪಾಲಿನಷ್ಟು ಜಾಗ ಇಟ್ಕೊಂಡು ಲೋಕಕ್ಕೆಲ್ಲ ಹೂವು ಕಳಿಸ್ತಾರಂತೆ. ಜನಕ್ಕಿಂತ ಸೈಕಲ್ಲೇ ಜಾಸ್ತಿಯಂತೆ! ರಾಜಧಾನಿ ಆಮ್‌ಸ್ಟರ್‌ಡ್ಯಾಮ್, ಆದ್ರೆ ಸರ್ಕಾರ ಕೂರೋದು ಹೇಗ್‌ನಲ್ಲಿ!"

"ಅದರಲ್ಲೇನು ವಿಶೇಷ?" ಅಡುಗೆಮನೆಯಿಂದ ಹೆಂಡತಿಯ ದನಿ ಬಂತು. "ಇಲ್ಲೂ ಯಜಮಾನರು ಸೋಫಾ ಮೇಲೆ, ಸರ್ಕಾರ ಅಡುಗೆಮನೇಲಿ!"

ಕೆಲಸ ಶುರುವಾಯಿತು. ನಡುಮನೆಯ ಟೀಪಾಯಿಯ ಮೇಲೆ ದೊಡ್ಡ ಬೇಕಿಂಗ್ ಟ್ರೇ. ಒಂದು ಕಡೆ ಬಟ್ಟೆಗೆ ಹಾಕುವ ನೀಲಿ ಬೆರೆಸಿದ ನೀರಿನ ಸಮುದ್ರ, ಇನ್ನೊಂದು ಕಡೆ ಕುಂಕುಮ ಚಿಮುಕಿಸಿದ ಹೂವಿನ ಹೊಲ. ನಡುವೆ ಅಡ್ಡಗಟ್ಟೆಗೆ ಮಧ್ಯಾಹ್ನ ಮಿಕ್ಕಿದ್ದ ನಾಲ್ಕು ರಾಗಿ ಮುದ್ದೆ!

"ಮುದ್ದೆ ನಿಲ್ಲತ್ತೇನ್ರೀ?"

"ಹಿಟ್ಟಂ ತಿಂದವ ಬೆಟ್ಟವ ಕಿತ್ತಿಟ್ಟ ಅಂತಾರೆ. ಬೆಟ್ಟಾನೇ ಕೀಳಿಸೋ ಹಿಟ್ಟು ಸಮುದ್ರ ತಡೆಯಲ್ವಾ?"

ತಡೆಯಿತು! ಹೇಳಿದಂತೆ ಎರಡೂವರೆಗೆ ನೆದರ್ಲೆಂಡ್ಸ್ ಎದ್ದು ನಿಂತಿತು. ಅಲ್ಲಿಗೆ ಸುಮ್ಮನಿದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಪರೀಕ್ಷೆ ಮಾಡದೆ ಕಟ್ಟೆ ಒಪ್ಪಿಸುವುದು ಸಾಹೇಬರ ಜಾಯಮಾನದಲ್ಲೇ ಇಲ್ಲ. ಚಂಡಮಾರುತಕ್ಕೆಂದು ಟೇಬಲ್ ಫ್ಯಾನ್ ತಂದಿಟ್ಟರು.

"ತಾತಾ, ಪ್ಲೀಸ್ ಡೋಂಟ್!"

"ಹೆದರಬೇಡ ಪುಟ್ಟೀ. ಮೂರನೇ ಸ್ಪೀಡಲ್ಲೇ ನೋಡೋಣ!"

ಅಲೆಯೆದ್ದಿತು. ಮುದ್ದೆ ಮೆತ್ತಗಾಗಿ ಮಗುಚಿ ಬಿತ್ತು. ಗಾಬರಿಯಲ್ಲಿ ಟ್ರೇ ಹಿಡಿಯಲು ಹೋದ ಸಾಹೇಬರ ಮೊಣಕೈ ತಗುಲಿ ಸಮುದ್ರ, ಹೊಲ, ಹೂವು ಸಮಸ್ತವೂ ಬಿಳಿ ಕಾರ್ಪೆಟ್ಟಿನ ಪಾಲಾಯಿತು. ಗಂಟೆ ಎರಡೂ ಮುಕ್ಕಾಲು!

"ಯಾರೂ ಮುಟ್ಟಬೇಡಿ! ಮೊದಲು ಸ್ಥಳ ಪರಿಶೀಲನೆ ಆಗಬೇಕು. ಕಟ್ಟೆ ಸಡಿಲ ಆಗಿದ್ದು ಬುಡದಲ್ಲೋ, ನೆತ್ತಿಯಲ್ಲೋ..."

"ನೆತ್ತಿಯಲ್ಲೇ, ನಿಮ್ಮದರಲ್ಲಿ!" ಎನ್ನುತ್ತಾ ಸರಸ್ವತಮ್ಮ ಇದ್ದಬದ್ದ ಟವೆಲ್‌ಗಳನ್ನೆಲ್ಲ ಎಸೆದರು.

ನಿಖಿತಾ, ತಾತ ಓದದೆ ಬಿಟ್ಟಿದ್ದ ಎರಡನೇ ಹಾಳೆ ತಂದು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದಿದಳು. ಆ ದೇಶದಲ್ಲಿ ನೂರಾರು ವರ್ಷಗಳಿಂದ ನೀರು ನೋಡಿಕೊಳ್ಳಲೆಂದೇ ಊರವರ ಮಂಡಳಿಗಳಿವೆ. ಹಿಂದೆ ಕಟ್ಟೆಯ ಪಕ್ಕದ ರೈತರೆಲ್ಲ ತಮ್ಮ ಪಾಲಿನ ಕಟ್ಟೆಯನ್ನು ತಾವೇ ಕಾಯಬೇಕಿತ್ತು. ಆಗದಿದ್ದವನು ಗುದ್ದಲಿಯನ್ನು ಅಲ್ಲೇ ನೆಟ್ಟು, ಜಮೀನು ಬಿಟ್ಟು ಹೋಗಬೇಕಿತ್ತು.

ಸಾಹೇಬರು ಮಂಡಿಯೂರಿ ಕಾರ್ಪೆಟ್ ಒತ್ತತೊಡಗಿದರು. ಆ ಜನ ತಲೆಮಾರುಗಳಿಂದ ಇಡೀ ಸಮುದ್ರವನ್ನು ಆಚೆ ನಿಲ್ಲಿಸಿದ್ದಾರೆ. ತಮ್ಮ ಕೈಲಿ ಎರಡು ಲೋಟ ನೀರು ಅರ್ಧ ಗಂಟೆಯೂ ನಿಲ್ಲಲಿಲ್ಲ! ಅವರಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಆ ಜನಕ್ಕೆ ಕೈ ಮುಗಿಯಬೇಕು ಅನ್ನಿಸಿತು.

ಬೆಲ್ ಆಯಿತು. ಬಾಗಿಲಲ್ಲಿ ಏಜೆಂಟ್ ಏಂಜೆಲಾ. ಸರಸ್ವತಮ್ಮನ ಬೈಗುಳ ಕಿವಿಗೆ ಬಿದ್ದದ್ದೇ ಮಂಗಳೂರಿನವಳಾದ ಆಕೆ ತನ್ನೂರಿನ ಕನ್ನಡದಲ್ಲೇ ಕೇಳಿದಳು.

"ಎಂತ ಅಂಕಲ್ ಇದು? ಮುದ್ದೆಯಾ?"

ಎಲ್ಲ ಕೇಳಿ ಆಕೆ ನಕ್ಕು ನಕ್ಕು ಸುಸ್ತಾದಳು. ಶೂ ಕಳಚಿ ತಾನೂ ಒಂದು ಟವೆಲ್ ಹಿಡಿದಳು.

"ಲೀಸಿಗೆ ತೊಂದರೆ ಇಲ್ಲ, ಒಂದು ವಾರದಲ್ಲಿ ಕಲೆ ತೆಗೆಸಿ. ಅದಿರಲಿ, ಅಂಕಲ್, ಊರಲ್ಲಿ ನಿಮಗೆ ಎಂತ ಕೆಲಸ ಇದ್ದದ್ದು?"

ಸಾಹೇಬರು ನೀಲಿ ಟವೆಲನ್ನು ಬಕೆಟ್ಟಿಗೆ ಹಿಂಡಿದರು. ಮೊಮ್ಮಗಳ ಮುಖ ನೋಡಲಿಲ್ಲ.

"ಪೋಸ್ಟ್ ಆಫೀಸಲ್ಲಿ ಕಣಮ್ಮ," ಎಂದರು.