ಗುಳ್ಳೆ ಡಾಕ್ಟರು

ಸುಲಭವಾಗಿ ಹೇಳಲು ಹೋಗಿ ಸಿಕ್ಕಿಬೀಳುವುದು ನನ್ನ ಹುಟ್ಟುಗುಣ. ಚಿಂತಾಮಣಿಯ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತ ಪಿಎಚ್.ಡಿ. ಮಾಡುತ್ತಿದ್ದಾಗ, ನಗರಗೆರೆಯ ನಮ್ಮ ಅತ್ತೆ, "ಅದೇನಪ್ಪ ನೀವು ಇನ್ನೂ ಓದ್ತಾನೇ ಇರೋದು?" ಎಂದು ಕೇಳಿದರು. ಪಾಲಿಮರ್ ಕರಗಿಸಿದ ದ್ರವವನ್ನು ಕುದಿಯಬೇಕಾದ ಬಿಸಿಗಿಂತ ಹೆಚ್ಚು ಕಾಯಿಸಿದರೂ ಅದು ಕೆಲವೊಮ್ಮೆ ಕುದಿಯದೆ ಸುಮ್ಮನಿರುತ್ತದೆ, ಆಮೇಲೆ ಒಮ್ಮೆಲೇ ಗುಳ್ಳೆ ಎದ್ದು ಸಿಡಿಯುತ್ತದೆ. ಅದೇ ನನ್ನ ವಿಷಯ. ಇಷ್ಟೆಲ್ಲ ಹೇಳಿ ಅವರ ತಲೆ ತಿನ್ನುವುದೇಕೆಂದು, "ಗುಳ್ಳೆ ಹೇಗೆ ಏಳುತ್ತೆ ಅಂತ ಅತ್ತೆ" ಎಂದುಬಿಟ್ಟೆ. ನೀರಿನಲ್ಲಿ ಏಳುವುದೂ ಗುಳ್ಳೆ, ಮೈಮೇಲೆ ಏಳುವುದೂ ಗುಳ್ಳೆ ಎಂಬುದು ಆಗ ಹೊಳೆಯಲೇ ಇಲ್ಲ.

ಡಾಕ್ಟರೇಟ್ ಬಂತು. ಅತ್ತೆ ಅಂಗಡಿಯ ಕಾಯಿನ್ ಬಾಕ್ಸ್ ಫೋನಿನಿಂದ ನೆಂಟರಿಗೆಲ್ಲ ಅಳಿಯ ಡಾಕ್ಟರಾದ ಸುದ್ದಿ ಮುಟ್ಟಿಸಿದರು. ಮುಂದೆ ನಾನು ನಗರಗೆರೆಗೆ ಹೋದಾಗ ಪಕ್ಕದ ಮನೆಯ ರತ್ನಮ್ಮ ಮಗಳನ್ನು ಕರೆತಂದು ನನ್ನೆದುರು ಕೂರಿಸಿದರು. ಹುಡುಗಿಯ ಕೆನ್ನೆ ತುಂಬ ಮೊಡವೆ.

"ಬುಧವಾರ ಗಂಡಿನವ್ರು ಬರ್ತಾರೆ ಡಾಕ್ಟ್ರೇ. ಈ ಗುಳ್ಳೆಗೇನಾನ ಮಾಡಿ."

ಅತ್ತೆಯ ಕಡೆ ನೋಡಿದೆ. ಅವರ ಮುಖದಲ್ಲಿ ಹಬ್ಬದ ಕಳೆ. ನಾನು ಆ ಡಾಕ್ಟರಲ್ಲ ಎಂದರೆ ಅವರ ಮಾನ ರತ್ನಮ್ಮನೆದುರೇ ಹೋಗುತ್ತದೆ. ಹೌದೆಂದರೆ ಆ ಮಗುವಿನ ಕೆನ್ನೆಯ ಗತಿ? ನನಗೋ ಅತ್ತೆಯೆಂದರೆ ತುಂಬ ಪ್ರೀತಿ. ಗಂಟಲು ಸರಿಮಾಡಿಕೊಂಡು, "ಚಿವುಟಬೇಡಮ್ಮ, ತಣ್ಣೀರಲ್ಲಿ ಮುಖ ತೊಳ್ಕೋ. ಗೌರಿಬಿದನೂರಿನ ಆಸ್ಪತ್ರೇಲಿ ಒಂದ್ಸಲ ತೋರಿಸು" ಎಂದೆ.

"ಅಷ್ಟೇನಾ? ಸೂಜಿ ಗೀಜಿ ಇಲ್ವಾ?" ರತ್ನಮ್ಮನಿಗೆ ನಿರಾಸೆಯಾಯಿತು.

ಇನ್ನು ತಡಮಾಡಬಾರದೆಂದು ಅತ್ತೆಯನ್ನು ಅಡುಗೆಮನೆಗೆ ಕರೆದುಕೊಂಡು ಹೋದೆ. ಒಲೆಯ ಮೇಲೆ ರಾಗಿ ಅಂಬಲಿ ದಪ್ಪಗೆ, ಅಲುಗದೆ ಕೂತಿತ್ತು. "ಅತ್ತೆ, ನಾನು ಓದಿದ್ದು ಮೈಮೇಲಿನ ಗುಳ್ಳೆಯಲ್ಲ, ಇಂಥ ಗುಳ್ಳೆ" ಎನ್ನುತ್ತ ಸೌಟು ಹಾಕಿದ್ದೇ ತಡ, ತಳದಿಂದ ಗುಳ್ಳೆಯೊಂದು ಗುಡುಕ್ಕನೆ ಎದ್ದು ಸಿಡಿದು ನನ್ನ ಮುಂಗೈ ಮೇಲೆ ಬಿತ್ತು. ಪಿಎಚ್.ಡಿ. ಮುಗಿಯುವವರೆಗೂ ಲ್ಯಾಬಿನಲ್ಲಿ ಕನ್ನಡಕ, ಕೈಗವಸು ಬಿಡದಿದ್ದವನು ನಾನು. ಅತ್ತೆ ನನ್ನ ಕೈಯನ್ನು ತಣ್ಣೀರಿನಲ್ಲಿ ಅದ್ದಿ ಹಿಡಿದುಕೊಂಡು, "ಪರ್ವಾಲೇದು, ಪರ್ವಾಲೇದು" ಎಂದು ತೆಲುಗಿನಲ್ಲಿ, ಮಗುವಿಗೆ ಸಮಾಧಾನ ಹೇಳುವಂತೆ ಹೇಳಿದರು. ನೋಡುನೋಡುತ್ತಲೇ ಚರ್ಮದ ಮೇಲೊಂದು ದುಂಡನೆಯ ಗುಳ್ಳೆ ಎದ್ದಿತು.

ಸದ್ದು ಕೇಳಿ ರತ್ನಮ್ಮ ಬಾಗಿಲಲ್ಲಿ ಇಣುಕಿದರು. "ಇದೇನು, ಡಾಕ್ಟ್ರಿಗೇ ಗುಳ್ಳೆ ಎದ್ದೈತೆ?"

ಅತ್ತೆ ನನ್ನ ಕೈ ಬಿಡದೆ, ತಲೆಯನ್ನೂ ಎತ್ತದೆ ಹೇಳಿದರು. "ಮತ್ತೆ? ಗುಳ್ಳೆ ಹೆಂಗೆ ಏಳುತ್ತೆ ಅಂತ ನಂಗೆ ತೋರಿಸ್ತಾ ಇದ್ರು."

ನನ್ನ ಇಡೀ ಮಹಾಪ್ರಬಂಧದಲ್ಲಿ ಇಷ್ಟು ಸ್ಪಷ್ಟವಾದ ವಾಕ್ಯ ಒಂದೂ ಇಲ್ಲ.